ಜಾಗ ಬಿಟ್ಟು ಆಡಿದ ಮಾತು

"ಇನ್ಮೇಲೆ ನೀನು ಬಾ ಅಂದ ದಿನ ಬರ್ತೀನಿ. ಯಾಕೆ ಅಂತ ಕೇಳಲ್ಲ. ಎಲ್ಲಿದ್ರೂ ಸರಿ."

ಮಗಳು ಹುಟ್ಟಿದ ವಾರ, ಆಸ್ಪತ್ರೆಯ ಮಂಚದ ಅಂಚಿನಲ್ಲಿ ಕೂತು ನನ್ನ ಗಂಡ ಆಡಿದ ಮಾತು ಇದು. ಹೆರಿಗೆಯ ಹೊತ್ತಿಗೆ ಇವರು ಇರಲಿಲ್ಲ. ಬಾಹ್ಯಾಕಾಶಕ್ಕೆ ಹೋಗುವವರ ತರಬೇತಿಯಲ್ಲಿ, ಹೊರಗಿನ ಸುದ್ದಿಯೇ ಮುಟ್ಟದ ಮುಚ್ಚಿದ ಕೋಣೆಯೊಳಗೆ ಇದ್ದರು. ನೋವು ತಿನ್ನುತ್ತ ನಾನು ಮಾಡಿದ ಫೋನು ಅವರ ಕಚೇರಿಯ ಆಪರೇಟರ್ ತನಕ ಹೋಗಿ ಅಲ್ಲೇ ಕೂತಿತ್ತು.

"ಚಂದ್ರನ ಮೇಲಿದ್ರೆ?" ಎಂದು ಕೇಳಿದೆ. ಹೊಲಿಗೆ ಎಳೆಯುತ್ತಿದ್ದರೂ ನಗು ಬಂದಿತ್ತು.

"ಚಂದ್ರನ ಮೇಲಿದ್ರೆ ಮುಂದಿನ ಬಸ್ಸಿಗೆ."

ಆವತ್ತಿನಿಂದ ನಮ್ಮ ಮನೆಯಲ್ಲಿ ಮೇಲೆ ಹೋಗಿ ಬರುವ ನೌಕೆಗೆ ಬಸ್ಸು ಎಂದೇ ಹೆಸರು. ಇವರು ಕೊಟ್ಟ ಮಾತನ್ನು ಮಾತ್ರ ನಾನು ಮುಟ್ಟಿರಲಿಲ್ಲ. ಮಗಳಿಗೆ ಜ್ವರ ನೆತ್ತಿಗೇರಿದಾಗ, ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಹಿಡಿದುಕೊಂಡು ಕೂತಾಗ, ಲ್ಯಾಬಿನಲ್ಲಿ ಎರಡು ಪಾಳಿ ದುಡಿದು ಬಂದು ಒಲೆಯ ಮುಂದೆ ನಿಂತೇ ತೂಕಡಿಸಿದಾಗ, ಯಾವತ್ತೂ ಬನ್ನಿ ಎನ್ನಲಿಲ್ಲ. ಅಂಥ ಮಾತನ್ನು ಸಣ್ಣಪುಟ್ಟದ್ದಕ್ಕೆಲ್ಲ ಯಾರು ಈಚೆ ತೆಗೆಯುತ್ತಾರೆ?

ನನ್ನದು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ನಾವು ಮೇಣದ ಮೇಲೆ ಹಲ್ಲು ಕೂರಿಸಿ, ಸೆಟ್ಟು ಮಾಡಿ, ತಿಕ್ಕಿ ಹೊಳಪು ಕೊಟ್ಟು ಕಳಿಸುತ್ತೇವೆ. ಇವರ ಕೆಲಸ ಆಕಾಶದಲ್ಲಿ, ನನ್ನದು ಬಾಯಿಯಲ್ಲಿ, ಇಬ್ಬರದೂ ಗಾಳಿ ಕೆಲಸವೇ ಎಂದು ಅತ್ತೆ ಹಂಗಿಸುತ್ತಿದ್ದರು. ಅತ್ತೆಯ ನಾಲಿಗೆ ಹಾಗೆ. ಮೊಮ್ಮಗಳಿಗೆ ಚಿನಕುರಳಿ ಎಂದು ಹೆಸರಿಟ್ಟವರೂ ಅವರೇ.

ಇವರು ಮೇಲಿನ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ವರ್ಷ ಕಳೆಯಲು ಹೊರಡುವ ಮೊದಲು ಇವರ ಸಂಸ್ಥೆಯಿಂದ ಒಬ್ಬ ಹುಡುಗಿ ಬಂದಳು. ನಮ್ಮ ಮನೆಯನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋಗುವುದು ಅವಳ ಕೆಲಸ. ಮೇಲೆ ಹೋದವರಿಗೆ ಮನೆಯ ನೆನಪು ಕಾಯಿಲೆಯ ಹಾಗೆ ಹತ್ತಿಕೊಳ್ಳುತ್ತದಂತೆ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಸ್ಕ್ರೂ ತಿರುಗಿಸುವ ಕೈ ತಪ್ಪುತ್ತದೆ. ಅದಕ್ಕೆ ಮದ್ದಾಗಿ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟು. ಅದನ್ನು ಹಾಕಿಕೊಂಡರೆ ನಿಲ್ದಾಣ ಮಾಯವಾಗಿ ಮನೆ ಬರುತ್ತದೆ. ತಲೆ ತಿರುಗಿಸಿದರೆ ಅಡುಗೆಮನೆ, ಹಿಂದೆ ನೋಡಿದರೆ ಬಾಗಿಲು, ಕೆಳಗೆ ಬಗ್ಗಿದರೆ ಟೇಬಲ್ಲಿನಡಿಯ ಚಪ್ಪಲಿ.

"ಕುದುರೆಗೆ ಕಟ್ಟೋ ಕಣ್ಣುಪಟ್ಟಿ ಇದ್ದಂಗೆ," ಎಂದರು ಅತ್ತೆ.

ಹುಡುಗಿ ನಕ್ಕಳು. ಇವರು ದಿನವೂ ಊಟಕ್ಕೆ ಕೂರುವ ಕುರ್ಚಿಯ ಮೇಲೆ ಒಂದು ಕಂಬ ನಿಲ್ಲಿಸಿ, ಇವರ ತಲೆ ಬರುವ ಎತ್ತರಕ್ಕೆ ಕಾಯಿಯಷ್ಟು ದಪ್ಪನೆಯ ಕ್ಯಾಮೆರಾ ಕೂರಿಸಿದಳು. ಸುತ್ತಲೂ ಕಣ್ಣಿದ್ದ ಕ್ಯಾಮೆರಾ. ಆಮೇಲೆ ನಮಗೆ ಪಾಠ ಹೇಳಿದಳು. "ಕ್ಯಾಮೆರಾ ಅಂದ್ಕೋಬೇಡಿ, ಸರ್ ಕೂತಿದಾರೆ ಅಂದ್ಕೊಳಿ. ಊಟ ಬಡಿಸಿ, ಮಾತಾಡಿ. ಒಂದು ಮಾತು ಆಡಿದ್ಮೇಲೆ ಸ್ವಲ್ಪ ಸುಮ್ನಿರಿ ಮೇಡಂ. ಅವ್ರ ಮಾತಿಗೆ ಜಾಗ ಬಿಡಿ."

"ಅವ್ನು ಮನೇಲಿದ್ದಾಗ್ಲೂ ಬಾಯಿ ಬಿಡಲ್ಲಮ್ಮ," ಎಂದರು ಅತ್ತೆ. "ನಾವು ಜಾಗ ಬಿಟ್ಟಿದ್ದೇ ಬಂತು."

ಅಂದು ನಾನು ತಲೆ ಬಾಚಿ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದೆ. ಖಾಲಿ ಕುರ್ಚಿಯ ಮುಂದೆ ತಟ್ಟೆ ಇಟ್ಟು, ಇನ್ನೊಂದು ಚೂರು ಹಾಕ್ಲಾ ಎಂದು ಕೇಳಿ, ಕಾದು, ನಕ್ಕೆ. ಲ್ಯಾಬಿನ ಕಥೆಯೊಂದನ್ನು ಹೇಳಿದೆ: ಒಬ್ಬ ಯಜಮಾನರು ಹೊಸ ಸೆಟ್ಟು ಬಾಯಿಗೆ ಕೂರುತ್ತಿಲ್ಲವೆಂದು ರಂಪ ಮಾಡಿ ವಾಪಸ್ಸು ತಂದರೆ, ಅದು ಅವರ ಭಾವನ ಹಲ್ಲು. ಇಬ್ಬರೂ ಒಂದೇ ಲೋಟದಲ್ಲಿ ನೆನೆಹಾಕಿ ಮಲಗಿದ್ದರು. ಚಿನಕುರಳಿ ಕ್ಯಾಮೆರಾದ ಮುಖಕ್ಕೇ ಬಂದು ಅಲುಗಾಡುವ ಮುಂದಿನ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದಳು. ಅತ್ತೆ ಕಿಟಕಿಯ ಬಳಿ ಕೂತು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದರು, ಒಂದೇ ಪಟ್ಟಿಗೆ. "ನೋಡ್ಕೋ, ಈ ವಯಸ್ಸಲ್ಲೂ," ಎಂದು ಖಾಲಿ ಕುರ್ಚಿಗೆ ಜಂಬ ಕೊಚ್ಚಿಕೊಂಡರು.

ಮೊದಲ ತಿಂಗಳುಗಳಲ್ಲಿ ಅದು ನಿಜವಾಗಿಯೂ ಮದ್ದಾಯಿತು. ವಾರಕ್ಕೊಮ್ಮೆ ಬರುವ ವಿಡಿಯೊ ಕರೆಯಲ್ಲಿ ಇವರು ಮೊದಮೊದಲು ಮಾತಿಗಿಂತ ಹೆಚ್ಚಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಸಂಜೆಯ ಹೊತ್ತು ಹೆಡ್‌ಸೆಟ್ಟು ಹಾಕಲು ಶುರು ಮಾಡಿದ ಮೇಲೆ ಮುಖ ತಿಳಿಯಾಯಿತು. "ಮನೇಲಿ ಊಟ ಮಾಡ್ದಂಗೇ ಆಗುತ್ತೆ ಕಣೇ," ಎಂದರು. ನನಗೂ ಹಾಯೆನಿಸಿತು.

ಆಮೇಲೆ ಕರೆಗಳು ಮೊಟಕಾದವು. ನಾನು ಮಾತಾಡುತ್ತಿದ್ದರೆ ಇವರ ಕಣ್ಣು ಎಲ್ಲೋ ಇರುತ್ತಿತ್ತು. ಒಮ್ಮೆ ಲ್ಯಾಬಿನಲ್ಲಿ ಏನಾಯ್ತು ಗೊತ್ತಾ ಎಂದು ಬಾಯಿ ತೆರೆದೆನಷ್ಟೇ, ಇವರು ನಕ್ಕುಬಿಟ್ಟರು. "ಭಾವನ ಹಲ್ಲಿಂದು ತಾನೇ?" ನಾನು ಹೇಳಹೊರಟಿದ್ದು ಯಂತ್ರದ ಪಟ್ಟಿ ತುಂಡಾಗಿ ನನ್ನ ಹೆಬ್ಬೆರಳಿಗೆ ಬಡಿದ ಸುದ್ದಿ. ಹೇಳಲಿಲ್ಲ. ಇನ್ನೊಮ್ಮೆ ಮಗಳನ್ನು ಕರೆದು, "ಹಲ್ಲು ಬಿತ್ತೇನೇ ಚಿನಕುರಳಿ?" ಎಂದರು.

"ಅಪ್ಪಾ, ಅದು ಬಿದ್ದು ಹೊಸದೂ ಬಂತು. ಹೋದ್ಸಲಾನೇ ತೋರಿಸಿದ್ನಲ್ಲ!"

"ಓ, ಹೌದಲ್ಲ," ಎಂದರು ಇವರು. ಕರೆ ಮುಗಿದ ಮೇಲೆ ಅವಳು ಸೋಫಾದ ಮೇಲೆ ತಲೆಕೆಳಗಾಗಿ ಬಿದ್ದುಕೊಂಡು, "ಅಪ್ಪಂಗೆ ಅಲ್ಲಿ ಇನ್ನೊಬ್ಳು ನಾನು ಇದಾಳೆ. ಅವ್ಳೇ ಇಷ್ಟ," ಎಂದಳು. ಗದರಿಸಿದೆ. ಮುಂದಿನ ವಾರದಿಂದ ಅವಳು ಕರೆಗೆ ಬರುವುದನ್ನು ಬಿಟ್ಟಳು.

ಅಷ್ಟರಲ್ಲಿ ಅತ್ತೆಯ ಕಣ್ಣು ಕೈಕೊಡತೊಡಗಿತ್ತು. ಮೊದಲು ಟೀಗೆ ಉಪ್ಪು ಬಿತ್ತು. ಆಮೇಲೆ ಬಾಗಿಲ ಚೌಕಟ್ಟಿಗೆ ಹಣೆ ತಗುಲಿತು. ಕಣ್ಣಿನ ಡಾಕ್ಟರು ಹಿಂದಿನ ನರ ಒಣಗುತ್ತಿದೆ ಎಂದರು. ಕನ್ನಡಕಕ್ಕೂ ಆಪರೇಷನ್ನಿಗೂ ಬಗ್ಗುವುದಲ್ಲ, ಇನ್ನು ಕೆಲವು ತಿಂಗಳಲ್ಲಿ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ ಎಂದರು. ಅತ್ತೆ ಅಳಲಿಲ್ಲ. ದಾರಿಯಲ್ಲಿ ನನ್ನ ತೋಳು ಹಿಡಿದು ನಡೆಯುತ್ತ, "ಅವನ ಮುಖ ಒಂದ್ಸಲ ಎದುರಿಗೆ ನೋಡ್ಬಿಟ್ರೆ ಸಾಕು," ಎಂದರು. "ಟೀವೀಲಲ್ಲ. ಟೀವೀಲಿ ಅವನು ಬರೀ ಚುಕ್ಕಿ ಚುಕ್ಕಿ ಕಾಣ್ತಾನೆ."

ಆ ವಾರದ ಕರೆಯಲ್ಲಿ ಇವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು. "ಮುಂದಿನ ಬಸ್ಸಿಗೆ ಹೇಗೂ ಬರ್ತೀನಲ್ಲ," ಎಂದರು. ಅವರು ಇಳಿಯಬೇಕಾದ ಬಸ್ಸಿಗೆ ಹೆಚ್ಚು ದಿನ ಇರಲಿಲ್ಲ. ಅತ್ತೆ ನೋಡುವುದನ್ನೇ ಮಿತವ್ಯಯ ಮಾಡತೊಡಗಿದರು. ಟೀವಿ ಬಿಟ್ಟರು, ಬಿಸಿಲಿಗೆ ಹೋಗುವುದನ್ನು ಬಿಟ್ಟರು. ಬಳಸದಿದ್ದರೆ ಕಣ್ಣು ಉಳಿಯುತ್ತದೆ ಎಂದು ಅವರ ಲೆಕ್ಕ. ಮಧ್ಯಾಹ್ನವೆಲ್ಲ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಿದ್ದರು.

ಹತ್ತು ಹನ್ನೆರಡು ದಿನಕ್ಕೆ ಸಂಸ್ಥೆಯಿಂದ ಫೋನು ಬಂತು. ನಿಮ್ಮವರು ಈ ಸಲದ ಬಸ್ಸಿಗೆ ಇಳಿಯುವುದಿಲ್ಲ, ಅದರ ನಂತರದ್ದಕ್ಕೆ. ಕೆಲಸದ ಅಗತ್ಯ. ನಂತರದ್ದೆಂದರೆ ಅರ್ಧ ವರ್ಷದ ಮಾತು. ಅತ್ತೆಗೆ ಹೇಳಿದೆ. "ಮೇಲಿನವರು ಹೇಳಿದ್ರೆ ಅವನೇನು ಮಾಡ್ತಾನೆ ಪಾಪ," ಎಂದರು. ನಾನೂ ಹಾಗೇ ಅಂದುಕೊಂಡೆ. ಯಾರನ್ನೋ ಬೈಯಬೇಕಲ್ಲ, ಸಂಸ್ಥೆಯನ್ನು ಬೈದೆ.

ಅದರ ಮುಂದಿನ ಕರೆಯಲ್ಲಿ, "ಅಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ಅತ್ತೆ ಕಣ್ಣು ಅಷ್ಟು ದಿನ ತಡಿಯಲ್ಲ," ಎಂದೆ.

"ನೀನು ಎಲ್ಲಾದಕ್ಕೂ ಗಾಬರಿ," ಎಂದರು ಇವರು. "ಅಮ್ಮ ಚೆನ್ನಾಗೇ ಇದಾಳೆ. ನಿನ್ನೆ ತಾನೇ ಸೂಜಿಗೆ ದಾರ ಪೋಣಿಸಿದ್ಳಲ್ಲ, ಒಂದೇ ಪಟ್ಟಿಗೆ."

ನಮ್ಮ ಮಾತು ಅಲ್ಲಿ ಮುಟ್ಟಿ ಅವರ ಮಾತು ಇಲ್ಲಿಗೆ ಇಳಿಯಲು ಒಂದೆರಡು ಕ್ಷಣ ಹಿಡಿಯುತ್ತದೆ. ಆ ಕ್ಷಣದಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ ತಮ್ಮ ಎರಡೂ ಕೈಗಳನ್ನು ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡರು. ಸೂಜಿ ಹಿಡಿದು ತಿಂಗಳುಗಳಾಗಿದ್ದ ಕೈ. ತಾವು ಏನಂದೆವೆಂದು ಇವರಿಗೆ ತಿಳಿಯಿತೋ ಇಲ್ಲವೋ. "ಸರಿ, ಇಡ್ಲಾ?" ಎಂದರು.

ಆ ವಾರವೇ ಕ್ಯಾಮೆರಾ ಹುಡುಗಿ ಮತ್ತೆ ಬಂದಳು, ಕಂಬ ಹೊತ್ತುಕೊಂಡು. ಇವರು ಮೇಲೆ ಇನ್ನಷ್ಟು ದಿನ ಉಳಿಯುವುದರಿಂದ ಮನೆಯನ್ನು ಹೊಸದಾಗಿ ಹಿಡಿದು ಕಳಿಸಬೇಕೆಂದು ಅವರ ಮನಸ್ಸಿನ ಡಾಕ್ಟರು ಹೇಳಿದ್ದರಂತೆ. ಕುರ್ಚಿಯ ಬಳಿ ಕಂಬ ಬಿಚ್ಚುತ್ತ ಅವಳು ಸಹಜವಾಗಿಯೇ ಅಂದಳು: "ಸರ್‌ಗೆ ಹೊಸದು ಇಷ್ಟ ಇಲ್ಲ ಮೇಡಂ. ಹಳೇದೇ ಇರ್ಲಿ, ಏನೂ ಬದಲಾಯಿಸ್ಬೇಡಿ ಅಂತ ಹಟ. ಡಾಕ್ಟರು ಕೇಳ್ಲಿಲ್ಲ. ಉಳ್ಕೊಳ್ತೀನಿ ಅಂತ ತಾವೇ ಬರ್ಕೊಟ್ಟಿರೋರು, ಇಷ್ಟಕ್ಕಾದ್ರೂ ಒಪ್ಕೊಳ್ಳಿ ಅಂದ್ರಂತೆ."

"ತಾವೇ ಅಂದ್ರೆ?"

ಹುಡುಗಿಯ ಕೈ ನಿಂತಿತು. "ಈ ಸಲದ ಸೀಟು ಸರ್ ಬೇರೆಯವರಿಗೆ ಬಿಟ್ಕೊಟ್ರಲ್ಲ. ಮನೆಯವರ ಒಪ್ಪಿಗೆ ತಗೊಂಡಿದೀನಿ ಅಂದಿದ್ರು." ನನ್ನ ಮುಖ ನೋಡಿ, "ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಮೇಡಂ," ಎಂದಳು.

"ಯಾವಾಗ ಬಿಟ್ಕೊಟ್ಟಿದ್ದು?"

ಅವಳು ಹೇಳಿದ ತಾರೀಕು, ಅತ್ತೆಯ ಕಣ್ಣಿನ ಸುದ್ದಿಯನ್ನು ನಾನು ಇವರಿಗೆ ತಿಳಿಸಿದ ವಾರದ್ದೇ.

"ಹಳೇದು ನಿನ್ನ ಹತ್ರ ಇದೆಯಾ?" ಎಂದು ಕೇಳಿದೆ. ಇತ್ತು. ಹೆಡ್‌ಸೆಟ್ಟನ್ನು ಅವಳೇ ನನ್ನ ತಲೆಗೆ ಕಟ್ಟಿದಳು.

ಇವರ ಕುರ್ಚಿಯಲ್ಲಿ ಕೂತಿದ್ದೆ. ಎದುರಿಗೆ ನನ್ನದೇ ಅಡುಗೆಮನೆ, ಒಡೆಯುವ ಮುಂಚಿನ ನೀಲಿ ಜಗ್ಗು ಟೇಬಲ್ಲಿನ ಮೇಲೆ. ಒಳಗಿನಿಂದ ಒಬ್ಬಳು ಬಂದಳು. ತಲೆ ಬಾಚಿಕೊಂಡಿದ್ದಳು, ಕಣ್ಣಿನ ಕೆಳಗೆ ಕಪ್ಪಿರಲಿಲ್ಲ. ತಟ್ಟೆ ಇಟ್ಟು, "ಇನ್ನೊಂದ್ ಚೂರು ಹಾಕ್ಲಾ?" ಎಂದು ನನ್ನನ್ನೇ ಕೇಳಿ ನಿಂತಳು. ನಾನು ಏನೂ ಹೇಳಲಿಲ್ಲ. ಅವಳು ನಕ್ಕಳು. ಮತ್ತೆ ಹಿಂದಕ್ಕೆ ಹಾಕಿಸಿ ನೋಡಿದೆ. "ಬೇಡ," ಎಂದೆ. ನಕ್ಕಳು. ಮೂರನೆಯ ಸಲ ಬಾಯಿಗೆ ಬಂದದ್ದನ್ನು ಬೈದೆ. ಅದೇ ನಗು. ಕಿಟಕಿಯ ಬಳಿ ಅತ್ತೆ ದಾರದ ತುದಿಯನ್ನು ತುಟಿಗೆ ಒತ್ತಿ, ಬೆಳಕಿಗೆ ಹಿಡಿದು, ಸರಕ್ಕನೆ ಪೋಣಿಸಿದರು.

ಲ್ಯಾಬಿನಲ್ಲಿ ಒಂದು ರೂಢಿಯಿದೆ. ಪಕ್ಕಾ ಸೆಟ್ಟು ತಯಾರಾಗುವ ತನಕ ಊಟಕ್ಕೆ ತೊಂದರೆಯಾಗದಿರಲೆಂದು ಒಂದು ತಾತ್ಕಾಲಿಕ ಸೆಟ್ಟು ಕೊಡುತ್ತೇವೆ. ಕೆಲವರು ಅದಕ್ಕೇ ಒಗ್ಗಿಹೋಗಿ ಪಕ್ಕಾದ್ದನ್ನು ಒಯ್ಯಲು ಬರುವುದೇ ಇಲ್ಲ. ಹಾಗೆ ಉಳಿದ ಪಕ್ಕಾ ಸೆಟ್ಟುಗಳು ನಮ್ಮ ಕಪಾಟಿನಲ್ಲಿ ಯಾರದೂ ಅಲ್ಲದ ನಗುವಿನ ಹಾಗೆ ಕೂತಿರುತ್ತವೆ. ಅವಕ್ಕೆ ಹೇಗನಿಸುತ್ತದೆಂದು ನಾನು ಯಾವತ್ತೂ ಯೋಚಿಸಿದವಳಲ್ಲ.

ಜನ ಸವತಿಯ ಕಾಟ ಎನ್ನುತ್ತಾರೆ. ಜಡೆ ಹಿಡಿದು ಜಗಳವಾಡಲಾದರೂ ಅಲ್ಲಿ ಬೇರೊಬ್ಬಳು ಇರುತ್ತಾಳೆ. ನನಗೆ ನಾನೇ ಸವತಿ.

ಹೆಡ್‌ಸೆಟ್ಟು ಬಿಚ್ಚಿ, "ಇದನ್ನ ಅಳಿಸ್ಬಿಡು," ಎಂದೆ. "ನನ್ನ ಮುಖ, ನನ್ನ ಮನೆ. ನಂಗೆ ಆ ಹಕ್ಕಿಲ್ವಾ?"

"ಇದೆ ಮೇಡಂ," ಎಂದಳು ಹುಡುಗಿ ಸಣ್ಣ ದನಿಯಲ್ಲಿ. "ಮನೆಯವರು ಬೇಡ ಅಂದ್ರೆ ತೆಗೀಲೇಬೇಕು."

"ಬೇಡ ಕಣಮ್ಮ."

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಚೌಕಟ್ಟು ಹಿಡಿದುಕೊಂಡು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ.

"ಅವ್ರೇ ಬರಲ್ಲ ಅಂದಿದ್ದು ಅತ್ತೆ. ಆಫೀಸಿನವರಲ್ಲ. ನಿಮ್ಮ ಕಣ್ಣಿನ ವಿಷಯ ಗೊತ್ತಾದ್ಮೇಲೆ!"

"ಕೇಳಿಸ್ತು. ಕಿವಿ ಇನ್ನೂ ನೆಟ್ಟಗಿದೆ," ಎಂದರು. ತಡವರಿಸುತ್ತ ಬಂದು ಕುರ್ಚಿ ಹುಡುಕಿ ಕೂತರು. "ಅಳಿಸ್ಬೇಡ. ಅಲ್ಲಾದ್ರೂ ನಂಗೆ ಕಣ್ಣು ಕಾಣ್ಲಿ ಬಿಡು."

ಹುಡುಗಿ ಕಂಬ ಮಡಚಿಕೊಂಡು, ಏನನ್ನೂ ಹಿಡಿಯದೆ ಹೊರಟುಹೋದಳು. ಮರುದಿನ ಲ್ಯಾಬಿಗೆ ರಜೆ ಹಾಕಿ ಸಂಸ್ಥೆಯ ಡಾಕ್ಟರ ಬಳಿ ಹೋದೆ. ನನ್ನ ಒಪ್ಪಿಗೆ ಯಾರೂ ಕೇಳಿಲ್ಲವೆಂದಾಗ ಅವರು ಕನ್ನಡಕ ತೆಗೆದು ಒರೆಸಿದರು. ಬಸ್ಸಿನಲ್ಲಿ ಇಳಿಯುವವರ ಹೆಸರುಗಳು ಶನಿವಾರಕ್ಕೆ ಗಟ್ಟಿಯಾಗುತ್ತವೆ, ಅಲ್ಲಿಯವರೆಗೆ ನಿಮ್ಮವರು ಸೀಟು ವಾಪಸ್ಸು ಕೇಳಬಹುದು, ಅವರೇ ಕೇಳಬೇಕು ಎಂದರು. ಅಂದೇ ಒಂದು ಕರೆ ಜೋಡಿಸಿಕೊಟ್ಟರು. ಅತ್ತೆ ಒಳಗೆ ಮಲಗಿದ್ದರು. ನಾನೊಬ್ಬಳೇ ಕೂತೆ.

ಪರದೆಯ ಮೇಲೆ ಇವರ ಮುಖ ಬಂತು. ಹಣೆಯ ಮೇಲೆ ಹೆಡ್‌ಸೆಟ್ಟಿನ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು.

"ಏನೇ, ಇವತ್ತು ಕರೆ ದಿನ ಅಲ್ವಲ್ಲ?"

"ಬನ್ನಿ," ಎಂದೆ.

"ಏನು?"

"ಬನ್ನಿ ಅಂದೆ. ಈ ಬಸ್ಸಿಗೆ. ಯಾಕೆ ಅಂತ ಕೇಳಲ್ಲ ಅಂದಿದ್ರಿ, ಕೇಳ್ಬೇಡಿ."

ಉತ್ತರ ಬರಲು, ದೂರ ಹಿಡಿಯುವ ಹೊತ್ತಿಗಿಂತ ಹೆಚ್ಚು ಹೊತ್ತು ಹಿಡಿಯಿತು.

"ಸೀಟು ಬಿಟ್ಕೊಟ್ಟಾಗಿದೆ ಕಣೇ."

"ಶನಿವಾರದ ತನಕ ವಾಪಸ್ ಕೇಳ್ಬೋದಂತೆ. ಡಾಕ್ಟರ್‌ನ ಕೇಳ್ಕೊಂಡೇ ಬಂದೆ."

"ನನ್ನನ್ನೊಂದು ಮಾತು ಕೇಳ್ದೆ ಡಾಕ್ಟರ ಹತ್ರ ಹೋದ್ಯಾ?"

"ರೀ," ಎಂದೆ. ಇಷ್ಟು ವರ್ಷದಲ್ಲಿ ಆ ಒಂದಕ್ಷರ ಹಾಗೆ ಹೊರಟಿರಲಿಲ್ಲ. "ಯಾರ ಒಪ್ಪಿಗೆ ತಗೊಂಡು ಸೀಟು ಕೊಟ್ರಿ ನೀವು?"

ಇವರು ಕಣ್ಣು ತಗ್ಗಿಸಿದರು. "ಕೇಳ್ದೆ," ಎಂದರು. "ಸುಳ್ಳಲ್ಲ. ಅಲ್ಲಿ ಊಟಕ್ಕೆ ಕೂತಾಗ ಕೇಳ್ದೆ. ಇನ್ನೊಂದು ಸ್ವಲ್ಪ ದಿನ ಉಳ್ಕೊಳ್ಲಾ ಅಂತ. ನೀನು ನಕ್ಕೆ."

ಆ ಜಾಗವನ್ನು ನಾನೇ ಬಿಟ್ಟುಕೊಟ್ಟಿದ್ದೆ. ಅವರ ಮಾತಿಗೆಂದು.

"ಹುಚ್ಚು ಅನ್ಸುತ್ತೆ ಅಂತ ಗೊತ್ತು," ಎಂದರು. "ಇಲ್ಲಿ ಸಂಜೆ ಆದ್ರೆ ಮನೆ. ಎಲ್ಲಾ ಇದ್ದ ಹಾಗೇ ಇರುತ್ತೆ. ಯಾರೂ ಸುಸ್ತಾಗಿರಲ್ಲ, ಯಾರಿಗೂ ನನ್ನ ಮೇಲೆ ಸಿಟ್ಟಿರಲ್ಲ. ಕೆಳಗೆ ಬಂದ್ರೆ ಅಮ್ಮ ನನ್ನ ಮುಖ ತಡವಿ ಗುರುತು ಹಿಡೀಬೇಕು. ಅದು ನನ್ನ ಕೈಲಿ ನೋಡಕ್ಕಾಗಲ್ಲ ಕಣೇ."

"ಅವ್ರಿಗೆ ಇನ್ನೂ ಕಾಣುತ್ತೆ. ಈಗ ಬಂದ್ರೆ ಕಾಣುತ್ತೆ. ಅದಕ್ಕೇ ಈಗ ಬನ್ನಿ ಅಂತಿರೋದು."

"ಹೂಂ."

"ಹೂಂ ಅಂದ್ರೆ?"

"ನೋಡ್ತೀನಿ."

ಪರದೆ ಕಪ್ಪಾಯಿತು.

ಶನಿವಾರ ಕಳೆಯಿತು. ಸಂಸ್ಥೆಯಿಂದ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಕೇಳದಿದ್ದರೆ ಇಲ್ಲ ಎನ್ನುವವರೂ ಇರುವುದಿಲ್ಲ. ಅತ್ತೆಗೆ ಕರೆಯ ವಿಷಯ ಹೇಳಿದ್ದೆ. ಅವರು ಒದ್ದೆ ಬಟ್ಟೆಯನ್ನು ಕಣ್ಣಿನಿಂದ ತೆಗೆಯುತ್ತಲೇ ಇರಲಿಲ್ಲ. "ಬಂದ ದಿನ ತೆಗೀತೀನಿ," ಎನ್ನುತ್ತಿದ್ದರು.

ಬಸ್ಸು ಇಳಿದದ್ದು ಬೆಳಗಿನ ಹೊತ್ತು. ಟೀವಿಯಲ್ಲಿ ತೋರಿಸಿದರು. ಬಯಲು, ಅದರ ಮಧ್ಯೆ ಸುಟ್ಟ ಪಾತ್ರೆಯಂತೆ ಕಪ್ಪಾದ ನೌಕೆ, ಸುತ್ತ ಓಡಾಡುವ ಜನ. ಚಿನಕುರಳಿ ಸ್ಕೂಲಿನ ಶೂ ಹಾಕಿಕೊಂಡೇ ನೆಲದ ಮೇಲೆ ಕೂತಿದ್ದಳು. ಅತ್ತೆ ಬಟ್ಟೆ ತೆಗೆದು, ಟೀವಿಗೆ ಒಂದು ಗೇಣು ದೂರದಲ್ಲಿ ನಿಂತರು.

"ಬಾಗ್ಲು ತೆಗೆದ್ರಾ?"

"ತೆಗೀತಿದಾರೆ."

ಒಬ್ಬರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. "ಯಾರದು?" ಎಂದರು ಅತ್ತೆ.

"ಅವ್ರ ಕಮಾಂಡರು."

ಎರಡನೆಯವರು ಹೆಂಗಸು. ಕೈ ಬೀಸಿದರು. "ಇದು ಅವನಾ?"

"ಅಲ್ಲ ಅತ್ತೆ."

ಮೂರನೆಯವರ ಮುಖ ಮೊದಲು ಕಾಣಲಿಲ್ಲ. ಸಹಾಯಕ್ಕೆ ನಿಂತವರ ಬೆನ್ನು ಅಡ್ಡವಿತ್ತು. ಅತ್ತೆ ಎರಡೂ ಅಂಗೈಗಳನ್ನು ಟೀವಿಯ ಗಾಜಿಗೆ ಒತ್ತಿದರು. ಬೆನ್ನು ಸರಿಯಿತು. ಇವರ ಸೀಟು ಪಡೆದಿದ್ದ ಹುಡುಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ.

"ಇನ್ನೂ ಇದಾರಾ ಒಳಗೆ?"

"ಇಲ್ಲ. ಮೂರೇ ಸೀಟು."

"ಬಾಗ್ಲು ಹಾಕಿದ್ರಾ?"

"ಹಾಕಿದ್ರು ಅತ್ತೆ."

ಚಿನಕುರಳಿ ಎದ್ದು ಬ್ಯಾಗು ಹೆಗಲಿಗೇರಿಸಿದಳು. ಅತ್ತೆ ಗಾಜಿನ ಮೇಲಿಂದ ಕೈ ತೆಗೆದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಬಾ ಎಂದ ದಿನ ಬರುತ್ತೇನೆ ಎಂದಿದ್ದರು. ಬನ್ನಿ ಎಂದೆ. ಬರಲಿಲ್ಲ.